ತೋಟದಲ್ಲಿ ಹೂತ ಗುಟ್ಟು



2024ರ ಜೂನಿನಲ್ಲಿ ಕಿತ್ತೂರು ತಾಲೂಕಿನ ತಿಗಡೊಳ್ಳಿಯ ತೋಟವೊಂದನ್ನು ಅಗೆದಾಗ ಮೂರು ಭ್ರೂಣ ಸಿಕ್ಕವು. ತೋಟ, ನಕಲಿ ಡಾಕ್ಟರನೆಂದು ಪೊಲೀಸರು ಹಿಡಿದವನದು. 2022ರಲ್ಲಿ ಮೂಡಲಗಿಯ ಹಳ್ಳದಲ್ಲಿ ಏಳು ಸಿಕ್ಕಿದ್ದವು, ಡಬ್ಬಿಯಲ್ಲಿ! ಹಳದಿ ಚೀಲದಲ್ಲಿ ಕಟ್ಟಿ ಸುಡಲು ಕೊಡಬೇಕೆಂದು 2016ರ ನಿಯಮವಿದೆ. ಕಳ್ಳ ದವಾಖಾನೆಗೆ ಯಾವ ನಿಯಮ?

ಗರ್ಭಪಾತವನ್ನೇ ನಿಲ್ಲಿಸಿರೆಂದು ಕೆಲವರು ಕೂಗುತ್ತಾರೆ. ತಪ್ಪು ಮಾತು. ಹೆಣ್ಣೆಂದು ತಿಳಿದು ತೆಗೆಸುವ ಪಾಪಕ್ಕೆ 1994ರ ಕಾಯಿದೆ ಇದೆ, ಅದನ್ನು ಬಿಗಿಯಾಗಿ ನಡೆಸಲಿ. ಆದರೆ ಸವದತ್ತಿ, ರಾಮದುರ್ಗದ ಕೂಲಿಯ ಹೆಂಗಸು ದಿನದ ದುಡಿಮೆ ಬಿಟ್ಟು ಆಸ್ಪತ್ರೆಗೆ ಬಂದರೆ, ಎಷ್ಟೋ ಕಡೆ ಮೊದಲು ಕೇಳುವುದು ಗಂಡನ ಸಹಿ. 1971ರ ಕಾಯಿದೆ ಕೇಳುವುದು, ವಯಸ್ಕಳಾದರೆ, ಅವಳೊಬ್ಬಳ ಒಪ್ಪಿಗೆ ಮಾತ್ರ. ಈ ಮಾತನ್ನು ತಾಲೂಕು ಆಸ್ಪತ್ರೆಯ ಗೋಡೆಗೆ ದಪ್ಪಕ್ಷರದಲ್ಲಿ ಬರೆಸಿರೆಂದು ನಾಳೆಯೇ ಅರ್ಜಿ ಕೊಡೋಣ.