ಚಳಿಗಾಲದ ಬೆಂಕಿ: ಅಗ್ನಿಶಾಮಕ ವಾಹನ ತಲುಪುವ ಮುನ್ನ ಗ್ರಾಮ ಪಂಚಾಯತಿಯ ಹೊಣೆ

(ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



ಮಾರ್ಗಶಿರ ಮತ್ತು ಪುಷ್ಯ ಮಾಸಗಳು ನಮ್ಮ ಎರಡೂ ತಾಲ್ಲೂಕುಗಳಲ್ಲಿ ಸುಗ್ಗಿಯ ಕಾಲ. ಕಬಿನಿ, ಕಾವೇರಿ ನಾಲೆಗಳ ಬಯಲಿನಲ್ಲಿ ಭತ್ತ ಕಟಾವಾಗಿ, ಹುಲ್ಲು ಮನೆಯ ಹಿತ್ತಿಲನ್ನು ಸೇರುತ್ತದೆ. ಅದೇ ದಿನಗಳಲ್ಲಿ ಚಳಿಯೂ ಏರುತ್ತದೆ. ನಸುಕಿನಲ್ಲೇ ಹಂಡೆಯ ಒಲೆ ಹೊತ್ತುತ್ತದೆ. ಜಗಲಿಯ ಮುಂದೆ ತರಗು ಹಚ್ಚಿ ಮೈ ಕಾಯಿಸಿಕೊಳ್ಳುವವರು ಕೂಡುತ್ತಾರೆ. ಹೀಗೆ ಒಣಹುಲ್ಲು ಮತ್ತು ತೆರೆದ ಬೆಂಕಿ ಒಂದೇ ಅಂಗಳದಲ್ಲಿ ನೆರೆಹೊರೆಯಾಗುವ ಕಾಲವಿದು.

ಬೆಂಕಿ ನಂದಿಸುವುದು ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯ ಕರ್ತವ್ಯ. ಸಂವಿಧಾನದ ಹನ್ನೊಂದನೆಯ ಅನುಸೂಚಿಯು ಪಂಚಾಯತಿಗಳಿಗೆ ಗುರುತಿಸಿರುವ 29 ವಿಷಯಗಳಲ್ಲಿ ಅಗ್ನಿಶಾಮಕ ಸೇವೆ ಇಲ್ಲ. ಅದು ನಗರಾಡಳಿತಕ್ಕೆ ಸಂಬಂಧಿಸಿದ ಹನ್ನೆರಡನೆಯ ಅನುಸೂಚಿಯಲ್ಲಿದೆ. ಆದರೆ ಆ 29ರಲ್ಲಿ ‘ಇಂಧನ ಮತ್ತು ಮೇವು’ ಇದೆ. ಚಳಿಗಾಲದಲ್ಲಿ ಹಳ್ಳಿಯ ಮನೆಗಳಲ್ಲಿ ಹೊತ್ತಿಕೊಳ್ಳುವುದು ಇವೆರಡೇ. ಬೆಂಕಿ ಹುಟ್ಟದಂತೆ ನೋಡಿಕೊಳ್ಳುವ ಹೊಣೆ ಆದ್ದರಿಂದ ನಮ್ಮದೂ ಹೌದು.

ಇದಕ್ಕೆ ಇನ್ನೊಂದು ಕಾರಣವಿದೆ. ಠಾಣೆ ಇರುವುದು ತಾಲ್ಲೂಕು ಕೇಂದ್ರದಲ್ಲಿ. ನಂಜನಗೂಡಿನಿಂದ ಹೆಡಿಯಾಲದ ಕಡೆಗಾಗಲಿ, ತಿ. ನರಸೀಪುರದಿಂದ ತಲಕಾಡಿನ ಕಡೆಗಾಗಲಿ ವಾಹನ ಬರಬೇಕು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬಂದರೂ 20 ಕಿ.ಮೀ. ದೂರ ಅರ್ಧ ಗಂಟೆಯ ಹಾದಿ. ಠಾಣೆಯ ಸಿಬ್ಬಂದಿಗೆ ಬೆಂಕಿಯೊಂದೇ ಕೆಲಸವಲ್ಲ. ನದಿಯಲ್ಲಿ ಮುಳುಗಿದವರ ರಕ್ಷಣೆ, ಪ್ರವಾಹ, ಜಾತ್ರೆಗಳ ಬಂದೋಬಸ್ತು, 2025ರ ಫೆಬ್ರುವರಿಯಲ್ಲಿ ತ್ರಿವೇಣಿ ಸಂಗಮದಲ್ಲಿ ನಡೆದ ಕುಂಭಮೇಳದಂತಹ ಸಂದರ್ಭಗಳೂ ಅವರ ಪಾಲಿಗಿವೆ. ಮೊದಲ ಅರ್ಧ ಗಂಟೆ ಗ್ರಾಮದ ಕೈಯಲ್ಲೇ ಇರುತ್ತದೆ ಎಂದು ತಿಳಿದು ಸಿದ್ಧರಾಗುವುದು ವಿವೇಕ.

ಮನೆಗಳಲ್ಲಿ ಗಮನಿಸಬೇಕಾದ ನಾಲ್ಕು ಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದು ಬೂದಿ. ಹಂಡೆ ಒಲೆಯ ಬೂದಿ ಮೇಲೆ ತಣ್ಣಗಿದ್ದರೂ ಒಳಗೆ ಕೆಂಡ ಗಂಟೆಗಟ್ಟಲೆ ಜೀವಂತವಾಗಿರುತ್ತದೆ. ಅದನ್ನು ಹಾಗೆಯೇ ತಿಪ್ಪೆಗೆ ಸುರಿದರೆ, ಗಾಳಿ ಬೀಸಿದಾಗ ಕಿಡಿ ಪಕ್ಕದ ಹುಲ್ಲಿಗೆ ಹಾರುತ್ತದೆ. ಬೂದಿಗೆ ನೀರು ಚಿಮುಕಿಸಿ, ಕಲಕಿ, ಆನಂತರವೇ ಹೊರಹಾಕಬೇಕು.

ಎರಡನೆಯದು ಹುಲ್ಲಿನ ಮೆದೆ. ಅದು ಬೇಸಿಗೆಯ ಮೇವು, ಹಾಲಿನ ಆದಾಯದ ಬುಡ. ಮೆದೆಯನ್ನು ಮನೆ ಮತ್ತು ಕೊಟ್ಟಿಗೆಯಿಂದ ಸಾಧ್ಯವಾದಷ್ಟು ದೂರದಲ್ಲಿ ಒಟ್ಟಬೇಕು. ವಿದ್ಯುತ್ ತಂತಿಯ ಕೆಳಗೆ ಎಂದಿಗೂ ಒಟ್ಟಬಾರದು. ಅಕಾಲಿಕ ಮಳೆಗೆ ತೊಯ್ದ ಹುಲ್ಲನ್ನು ಒಣಗಿಸದೆ ಒಟ್ಟಿದರೆ, ಒಳಗೆ ಕೊಳೆಯುತ್ತ ಕಾವೇರಿ, ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುವುದುಂಟು. ಇಡೀ ಊರಿನ ಹುಲ್ಲನ್ನು ಒಂದೇ ಕಡೆ ಒತ್ತೊತ್ತಾಗಿ ಒಟ್ಟುವುದೂ ಅಪಾಯಕರ. ನಡುವೆ ಅಂತರವಿದ್ದರೆ ಒಂದು ಹೋದರೂ ಉಳಿದವು ಉಳಿಯುತ್ತವೆ.

ಮೂರನೆಯದು ಮುಚ್ಚಿದ ಕೋಣೆಯಲ್ಲಿನ ಕೆಂಡ. ಬಾಣಂತಿ ಮತ್ತು ಹಸುಗೂಸಿನ ಕೋಣೆಯಲ್ಲಿ ಕಿಟಕಿ ಬಾಗಿಲು ಹಾಕಿ ಅಗ್ಗಿಷ್ಟಿಕೆ ಇಡುವ ರೂಢಿ ಇನ್ನೂ ಇದೆ. ಇದ್ದಿಲಿನಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲಿರುವವರು ಏಳದೆಯೇ ಸಾಯಬಹುದು. ರೇಷ್ಮೆ ಹುಳು ಸಾಕಣೆ ಮನೆಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ಶಾಖ ಬೇಕೆಂದು ಒಳಗೆ ಇದ್ದಿಲ ಒಲೆ ಇಡುವವರು ಅಲ್ಲಿ ಮಲಗಬಾರದು, ಗಾಳಿಕಿಂಡಿ ತೆರೆದಿರಬೇಕು.

ನಾಲ್ಕನೆಯದು ಅಡುಗೆ ಅನಿಲ. ಅದು ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲೇ ಹರಡುತ್ತದೆ. ಚಳಿಗೆಂದು ಕಿಟಕಿ ಮುಚ್ಚಿದ ಮನೆಯಲ್ಲಿ ಸೋರಿದ ಅನಿಲ ಹೊರಹೋಗುವುದಿಲ್ಲ. ವಾಸನೆ ಬಂದರೆ ದೀಪದ ಸ್ವಿಚ್ಚನ್ನು ಹಾಕಲೂ ಬಾರದು, ಆರಿಸಲೂ ಬಾರದು. ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು, ಹೊರಬಂದು 1906ಕ್ಕೆ ಕರೆ ಮಾಡಬೇಕು.

ಇನ್ನು ಪಂಚಾಯತಿ ಮಾಡಬಹುದಾದ ಕೆಲಸಗಳು. ಇವುಗಳಲ್ಲಿ ಹೆಚ್ಚಿನವಕ್ಕೆ ಪ್ರತ್ಯೇಕ ಅನುದಾನ ಬೇಕಿಲ್ಲ.

ಅಗ್ನಿಶಾಮಕ ವಾಹನ ಸಾಮಾನ್ಯವಾಗಿ ಹೊತ್ತು ತರುವ ನೀರು ಸುಮಾರು 4,500 ಲೀಟರ್. ನಿಮಿಷಕ್ಕೆ 450 ಲೀಟರಿನಂತೆ ಹರಿಸಿದರೆ ಅದು ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಕಟಾವಿನ ನಂತರ ನಾಲೆಯಲ್ಲಿ ನೀರಿರುತ್ತದೆಂಬ ಭರವಸೆ ಇಲ್ಲ. ಆದ್ದರಿಂದ ಪ್ರತಿ ಗ್ರಾಮದಲ್ಲೂ ವಾಹನ ಹತ್ತಿರ ಬಂದು ನೀರು ತುಂಬಿಕೊಳ್ಳಬಹುದಾದ ಕೆರೆ, ತೊಟ್ಟಿ ಅಥವಾ ಕೊಳವೆಬಾವಿಯನ್ನು ಗುರುತಿಸಿಡಿ. ರಾತ್ರಿಯೂ ಪಂಪು ಚಾಲೂ ಮಾಡಬಲ್ಲ ನೀರುಗಂಟಿಯ ದೂರವಾಣಿ ಸಂಖ್ಯೆ ಎಲ್ಲ ಸದಸ್ಯರಲ್ಲಿರಲಿ. ವಿದ್ಯುತ್ ಸಂಪರ್ಕ ತಪ್ಪಿಸಲು ಸೆಸ್ಕ್ ಲೈನ್‌ಮನ್ನರ ಸಂಖ್ಯೆಯೂ ಅದರೊಡನೆ ಇರಲಿ. ತಂತಿ ಜೀವಂತವಾಗಿರುವಾಗ ನೀರು ಹಾಕುವವರಿಗೇ ಅಪಾಯ. ಓಣಿಯ ಬಾಯಲ್ಲಿ ನಿಲ್ಲಿಸಿದ ಟ್ರ್ಯಾಕ್ಟರ್, ರಸ್ತೆಗೆ ಹರಡಿದ ಒಕ್ಕಣೆ ವಾಹನವನ್ನು ತಡೆಯದಂತೆ ನೋಡಿಕೊಳ್ಳಿ.

ಬೆಂಕಿ ಕಂಡೊಡನೆ ಮೊದಲು 112ಕ್ಕೆ ಕರೆ ಹೋಗಬೇಕು, ನಂದಿಸುವ ಯತ್ನ ಅದರೊಡನೆಯೇ ನಡೆಯಬೇಕು. ನಾವೇ ಆರಿಸುತ್ತೇವೆಂದು ಕಾಯುವ ಹತ್ತು ನಿಮಿಷವೇ ಮನೆಯನ್ನು ಕಳೆಯುತ್ತದೆ. ಕರೆ ಮಾಡುವವರು ಗ್ರಾಮ, ಹೋಬಳಿ, ಹತ್ತಿರದ ಗುರುತು ಮತ್ತು ಉರಿಯುತ್ತಿರುವ ವಸ್ತು ಯಾವುದೆಂದು ಹೇಳಲಿ. ಒಬ್ಬರು ಮುಖ್ಯರಸ್ತೆಯಲ್ಲಿ ನಿಂತು ದಾರಿ ತೋರಲಿ. ಬಟ್ಟೆಗೆ ಬೆಂಕಿ ತಗುಲಿದವರು ಓಡದಂತೆ ತಡೆದು, ಮಲಗಿಸಿ, ಕಂಬಳಿ ಹೊದಿಸಬೇಕು. ಸುಟ್ಟ ಗಾಯವನ್ನು ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನಲ್ಲಿ ಹಿಡಿಯಬೇಕು. ತುಪ್ಪ, ಪೇಸ್ಟ್ ಬಳಿಯಬಾರದು. 108 ಕರೆಯಿರಿ.

ಈ ಮಾತುಗಳನ್ನು ಗ್ರಾಮ ಸಭೆಯಲ್ಲಿ ಓದಿ ಹೇಳಿ. ಸ್ವಚ್ಛ ವಾಹಿನಿಯ ಧ್ವನಿವರ್ಧಕದಲ್ಲಿ ಬೆಳಗಿನ ಹೊತ್ತು ಸಾರಿಸಿ. ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಬಾಣಂತಿಯರ ಮನೆಗೆ ಹೋದಾಗ ಕೆಂಡದ ವಿಷಯ ತಿಳಿಸಲಿ. ಠಾಣೆಯ ಅಧಿಕಾರಿಗಳಿಗೆ ಪತ್ರ ಬರೆದು ಪ್ರಾತ್ಯಕ್ಷಿಕೆ ಏರ್ಪಡಿಸಲು ಕೋರಿ.

ಸಂಕ್ರಾಂತಿಯ ಸಂಜೆ ನಮ್ಮ ಊರುಗಳಲ್ಲಿ ರಾಸುಗಳನ್ನು ಸಿಂಗರಿಸಿ ಕಿಚ್ಚು ಹಾಯಿಸುತ್ತೇವೆ. ಅಂದು ಬೆಂಕಿಗೆ ಜಾಗವನ್ನು ಗೊತ್ತುಮಾಡುತ್ತೇವೆ, ಸುತ್ತ ಜನ ನಿಂತು ಕಾಯುತ್ತೇವೆ. ಕಿಚ್ಚಿನ ಸ್ಥಳವನ್ನು ಈ ವರ್ಷ ಮೆದೆಗಳಿಂದ ದೂರದಲ್ಲಿ ಗೊತ್ತುಮಾಡಿ, ಬಳಿಯಲ್ಲಿ ನೀರಿನ ಟ್ಯಾಂಕರ್ ನಿಲ್ಲಿಸಿ, ಮುಗಿದ ಮೇಲೆ ಪೂರ್ಣ ಆರಿಸುವ ಹೊಣೆಯನ್ನು ಒಬ್ಬ ಸದಸ್ಯರು ವಹಿಸಿಕೊಳ್ಳಬೇಕೆಂದು ಕೋರುತ್ತೇನೆ. ಹಬ್ಬದ ಬೆಂಕಿಗೆ ತೋರುವ ಈ ಎಚ್ಚರ ಪ್ರತಿ ಮನೆಯ ಒಲೆಗೂ ದೊರೆಯಲಿ.