ಸಭೆಗೆ ಬಂದವರದೇ ಊರು



ಕಲಬುರಗಿಯ ಸೇಡಂ ರಸ್ತೆಯನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ನೋಡದವರು ಮನಸ್ಸಿನಲ್ಲಿಯೇ ಒಮ್ಮೆ ಆ ದಾರಿಯಲ್ಲಿ ಹೋಗಿ ಬನ್ನಿ. ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಇ.ಎಸ್.ಐ. ಆಸ್ಪತ್ರೆ ಇದೆ. ಊರ ಹೊರಗೆ 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣವಿದೆ. ಇನ್ನೂ ಮುಂದೆ 2019ರ ನವೆಂಬರಿನಲ್ಲಿ ಆರಂಭವಾದ ವಿಮಾನ ನಿಲ್ದಾಣವಿದೆ. ಅದೇ ದಾರಿ ಹಿಡಿದು ಹೋದರೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವೂ ಸಿಗುತ್ತದೆ.

ಈ ಆಸ್ಪತ್ರೆ, ಕಾಲೇಜು, ವಿಮಾನ ನಿಲ್ದಾಣಗಳನ್ನೆಲ್ಲ ತೀರ್ಮಾನಿಸಿದವರು ಬೆಂಗಳೂರಿನಲ್ಲಿ ಅಥವಾ ದೆಹಲಿಯಲ್ಲಿ ಕುಳಿತವರು. ಆದರೆ ಅದೇ ರಸ್ತೆಯ ಬದಿಯ ಓಣಿಯಲ್ಲಿ ಗಟಾರ ತುಂಬಿ ಹರಿದರೆ, ನಳಕ್ಕೆ ನೀರು ಬಾರದಿದ್ದರೆ, ಬೀದಿ ದೀಪ ಕೆಟ್ಟರೆ ಯಾರನ್ನು ಕೇಳಬೇಕು? ನಗರದಲ್ಲಾದರೆ ಮಹಾನಗರ ಪಾಲಿಕೆ. ಹುಮನಾಬಾದಿನ ಕಡೆಗೆ ಹೋಗುವ ದಾರಿಯಲ್ಲಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಸುತ್ತಲಿನ ಹಳ್ಳಿಗಳಲ್ಲಾದರೆ ಗ್ರಾಮ ಪಂಚಾಯತಿ. ನಮಗೆ ತೀರ ಹತ್ತಿರದ ಸರ್ಕಾರ ಇದು. ಆದರೂ ನಾವು ತೀರ ಕಡಿಮೆ ತಿಳಿದಿರುವ ಸರ್ಕಾರವೂ ಇದೇ. ಇಂದು ಆ ಹತ್ತಿರದ ಸರ್ಕಾರಕ್ಕೂ ನಿಮ್ಮ ಸ್ವಾತಂತ್ರ್ಯಕ್ಕೂ ಇರುವ ಸಂಬಂಧವನ್ನು ಕುರಿತು ನಾಲ್ಕು ಮಾತು ಹೇಳುತ್ತೇನೆ.

ಮೊದಲು ಸ್ವಲ್ಪ ಇತಿಹಾಸವನ್ನು ನೆನೆಯೋಣ. 1948ರ ಸೆಪ್ಟೆಂಬರ್ 17ರವರೆಗೆ ಕಲಬುರಗಿ ಪ್ರದೇಶ ಹೈದರಾಬಾದ್ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದಲ್ಲಿ ಜನ ಸೇರಿ ಸಾರ್ವಜನಿಕ ಸಭೆ ನಡೆಸಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕಾಗಿತ್ತು. ಈ ನಿರ್ಬಂಧದ ಸುತ್ತೋಲೆ 'ಗಸ್ತಿ ನಿಶಾನ್ 53' ಎಂದು ಹೆಸರಾಗಿತ್ತು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಕಟ್ಟಲು ಹೊರಟಾಗ, ಅದು ರೂಪುಗೊಳ್ಳುವ ಮೊದಲೇ ಅದರ ಮೇಲೆ ನಿಷೇಧ ಬಂತು. ಆ ನಿಷೇಧ ತೆರವಾದದ್ದು 1946ರಲ್ಲಿ. ಈ ಹೋರಾಟದ ಮುಂದಾಳಾಗಿದ್ದವರು ಸ್ವಾಮಿ ರಮಾನಂದ ತೀರ್ಥರು. ಮುಂದೆ 1952ರಲ್ಲಿ ಅವರು ಇದೇ ಗುಲಬರ್ಗಾ ಕ್ಷೇತ್ರದಿಂದ ಲೋಕಸಭೆಗೆ ಆರಿಸಿ ಬಂದರು. 1938ರಲ್ಲಿಯೇ ಉಸ್ಮಾನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ವಂದೇ ಮಾತರಂ ಹಾಡಿದ್ದಕ್ಕಾಗಿ ಹೊರಗೆ ಬೀಳಬೇಕಾಯಿತು. ಅವರಲ್ಲಿ ಅನೇಕರು ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದರು. ಅವರೂ ನಿಮ್ಮ ವಯಸ್ಸಿನವರೇ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ಕಾಲದ ಆಳ್ವಿಕೆ ಭಾಷಣಕ್ಕೆ ಮಾತ್ರ ಹೆದರಲಿಲ್ಲ, ಜನ ಒಂದೆಡೆ ಕೂಡುವುದಕ್ಕೇ ಹೆದರಿತು. ಒಬ್ಬನೇ ಮನೆಯಲ್ಲಿ ಕುಳಿತು ಗೊಣಗಿದರೆ ಯಾವ ಸರ್ಕಾರಕ್ಕೂ ತೊಂದರೆಯಿಲ್ಲ. ನೂರು ಜನ ಒಂದು ಕಡೆ ಕುಳಿತು ಲೆಕ್ಕ ಕೇಳಿದರೆ ಮಾತ್ರ ಅದು ಉತ್ತರ ಕೊಡಬೇಕಾಗುತ್ತದೆ.

ಈಗ ಕಾನೂನು ತಿರುವುಮುರುವಾಗಿದೆ. ಸಭೆ ಸೇರಲು ಅನುಮತಿ ಬೇಕು ಎನ್ನುವ ಕಾಲ ಹೋಗಿ, ಸಭೆ ನಡೆಸಲೇಬೇಕು ಎಂದು ಸರ್ಕಾರಕ್ಕೇ ಕಟ್ಟಪ್ಪಣೆ ಇರುವ ಕಾಲ ಬಂದಿದೆ. ಈ ಬದಲಾವಣೆಗೆ ಕರ್ನಾಟಕದ ಕೊಡುಗೆ ದೊಡ್ಡದು. ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಅವರ ಹೆಸರನ್ನು ನೀವು ಕೇಳಿರಬಹುದು. ಹಳ್ಳಿಹಳ್ಳಿಗೆ ಕೊಳವೆ ಬಾವಿ ಹಾಕಿಸಿ 'ನೀರ್ ಸಾಬ್' ಎನಿಸಿಕೊಂಡ ಈ ಸಚಿವರು, ಅಧಿಕಾರವನ್ನು ವಿಧಾನಸೌಧದಿಂದ ಹಳ್ಳಿಗೆ ಇಳಿಸಬೇಕೆಂದು ಹಟ ಹಿಡಿದರು. ಅವರ ಕಾಲದ 1983ರ ಶಾಸನದಂತೆ 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನ ಮೀಸಲಾಗಿತ್ತು. ಇಡೀ ದೇಶಕ್ಕೆ ಅನ್ವಯಿಸುವ ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದದ್ದು ಆಮೇಲೆ, 1993ರ ಏಪ್ರಿಲಿನಲ್ಲಿ.

ಕರ್ನಾಟಕದ 1993ರ ಪಂಚಾಯತ್ ರಾಜ್ ಶಾಸನದ ಪ್ರಕಾರ ಸುಮಾರು 400 ಜನಸಂಖ್ಯೆಗೆ ಒಬ್ಬ ಗ್ರಾಮ ಪಂಚಾಯತಿ ಸದಸ್ಯರು. ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮ ಸಭೆ ನಡೆಯಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಅಲ್ಲಿ ಲೆಕ್ಕಪತ್ರ ಕೇಳಬಹುದು, ಮನೆ ಹಂಚಿಕೆಯ ಫಲಾನುಭವಿಗಳ ಪಟ್ಟಿಯನ್ನು ಪ್ರಶ್ನಿಸಬಹುದು, ಮುಂದಿನ ವರ್ಷದ ಕ್ರಿಯಾ ಯೋಜನೆಗೆ ಕೆಲಸ ಸೂಚಿಸಬಹುದು. ಸಭೆಯ ಕೋರಂ ಮತದಾರರ ಹತ್ತರಲ್ಲೊಂದು ಭಾಗ ಅಥವಾ ನೂರು ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಸಾವಿರಾರು ಮತದಾರರಿರುವ ಪಂಚಾಯತಿಯಲ್ಲಿ ನೂರು ಜನ ಕುಳಿತು ಉಳಿದವರೆಲ್ಲರ ಪರವಾಗಿ ತೀರ್ಮಾನ ಮಾಡಬಹುದು ಎಂದು ಇದರ ಅರ್ಥ. ಆ ನೂರು ಜನ ಯಾರು ಎಂಬುದೇ ಮುಖ್ಯವಾದ ಪ್ರಶ್ನೆ.

ಈ ಪ್ರಶ್ನೆ ಎಷ್ಟು ಮುಖ್ಯವೆಂಬುದಕ್ಕೆ ಒಂದು ದೂರದ ಉದಾಹರಣೆ ಕೊಡುತ್ತೇನೆ. ಅಮೆರಿಕದಲ್ಲಿ ನ್ಯೂ ಹ್ಯಾಂಪ್‌ಶೈರ್ ಎಂಬ ಸಣ್ಣ ರಾಜ್ಯವಿದೆ. ಅದರ ಜನಸಂಖ್ಯೆ ಸುಮಾರು 14 ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಕಲಬುರಗಿ ಜಿಲ್ಲೆಯೊಂದರಲ್ಲೇ 25 ಲಕ್ಷಕ್ಕೂ ಹೆಚ್ಚು ಜನರಿದ್ದರು. ಅಷ್ಟು ಚಿಕ್ಕ ರಾಜ್ಯದ ಕೆಳಮನೆಗೆ 400 ಸದಸ್ಯರು! ಅವರ ಸಂಬಳ ವರ್ಷಕ್ಕೆ 100 ಡಾಲರ್ ಮಾತ್ರ, 1889ರಿಂದಲೂ ಅಷ್ಟೇ. ಅಲ್ಲಿ ರಾಜಕೀಯ ಬಹುಮಟ್ಟಿಗೆ ಊರ ಸೇವೆ. ಅನೇಕ ಊರುಗಳಲ್ಲಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಮಾರ್ಚ್ ತಿಂಗಳಲ್ಲಿ, ಊರವರೆಲ್ಲ ಸೇರಿ ಆಯವ್ಯಯವನ್ನು ತಾವೇ ಮಂಜೂರು ಮಾಡುತ್ತಾರೆ. ನಮ್ಮ ಗ್ರಾಮ ಸಭೆಯ ದೂರದ ನೆಂಟ ಎನ್ನಿ.

2001ರಲ್ಲಿ ಜೇಸನ್ ಸೊರೆನ್ಸ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ಒಂದು ಯೋಚನೆ ಹೊಳೆಯಿತು. ಸರ್ಕಾರ ಚಿಕ್ಕದಾಗಿರಬೇಕು, ತೆರಿಗೆ ಕಡಿಮೆಯಿರಬೇಕು, ವ್ಯಕ್ತಿಯ ಬದುಕಿನಲ್ಲಿ ಅಧಿಕಾರ ಕೈಹಾಕಬಾರದು ಎಂದು ನಂಬುವವರನ್ನು ಸ್ವಾತಂತ್ರ್ಯವಾದಿಗಳು ಎನ್ನುತ್ತಾರೆ. ಇಂಥ ಇಪ್ಪತ್ತು ಸಾವಿರ ಜನ ಒಂದು ಸಣ್ಣ ರಾಜ್ಯಕ್ಕೆ ಹೋಗಿ ನೆಲೆಸಿದರೆ ಅಲ್ಲಿನ ರಾಜಕೀಯವನ್ನೇ ಬದಲಿಸಬಹುದು ಎಂಬುದು ಅವರ ಲೆಕ್ಕ. ಈ ಆಂದೋಲನದವರು 2003ರಲ್ಲಿ ನ್ಯೂ ಹ್ಯಾಂಪ್‌ಶೈರನ್ನು ಆರಿಸಿಕೊಂಡರು. 2016ರ ಹೊತ್ತಿಗೆ ಇಪ್ಪತ್ತು ಸಾವಿರ ಜನ ಒಪ್ಪಿಗೆಯ ಸಹಿ ಹಾಕಿದ್ದರು. ಈ ವಿಚಾರ ನಮಗೆ ತೀರ ಹೊಸದಲ್ಲ. ರಾಜಾಜಿ, ಮೀನೂ ಮಸಾನಿ, ಎನ್.ಜಿ. ರಂಗಾ ಮೊದಲಾದವರು 1959ರಲ್ಲಿ ಕಟ್ಟಿದ ಸ್ವತಂತ್ರ ಪಕ್ಷವೂ ಸರ್ಕಾರದ ಹಿಡಿತ ಸಡಿಲವಾಗಬೇಕೆಂದು ವಾದಿಸಿತ್ತು.

ಆ ರಾಜ್ಯದ ಕ್ರಾಯ್ಡನ್ ಎಂಬ ಪುಟ್ಟ ಊರಲ್ಲಿ 2022ರ ಮಾರ್ಚಿನಲ್ಲಿ ಒಂದು ಘಟನೆ ನಡೆಯಿತು. ಮಕ್ಕಳ ಶಿಕ್ಷಣಕ್ಕೆಂದು ಸುಮಾರು 17 ಲಕ್ಷ ಡಾಲರಿನ ಆಯವ್ಯಯ ಸಭೆಯ ಮುಂದೆ ಬಂತು. ಸ್ವಾತಂತ್ರ್ಯವಾದಿ ವಿಚಾರದ ಒಬ್ಬ ಜನಪ್ರತಿನಿಧಿ ಎದ್ದು, ಇದನ್ನು 8 ಲಕ್ಷಕ್ಕೆ ಇಳಿಸಿರಿ ಎಂದು ಸೂಚಿಸಿದರು. ಸಭೆಯಲ್ಲಿದ್ದವರು ಬೆರಳೆಣಿಕೆಯ ಜನ. ಪರವಾಗಿ 20, ವಿರುದ್ಧವಾಗಿ 14 ಮತ. ಮಕ್ಕಳ ಓದಿನ ಹಣ ಅರ್ಧಕ್ಕೂ ಕೆಳಗೆ ಇಳಿಯಿತು.

ಮರುದಿನ ಸುದ್ದಿ ಕೇಳಿ ಊರು ಬೆಚ್ಚಿತು. ಜನ ಮನೆಮನೆಗೆ ಹೋಗಿ ಸಹಿ ಸಂಗ್ರಹಿಸಿ ಮರುಸಭೆ ಕರೆಸಿದರು. ಆದರೆ ಹಿಂದಿನ ತೀರ್ಮಾನ ಬದಲಾಗಬೇಕಾದರೆ ಊರಿನ 565 ಮತದಾರರಲ್ಲಿ ಅರ್ಧಕ್ಕೂ ಹೆಚ್ಚು ಜನ ಬಂದು ಮತ ಹಾಕಬೇಕಾಗಿತ್ತು. ಕಡಿತದ ಪರವಾಗಿದ್ದವರು, ಯಾರೂ ಹೋಗಬೇಡಿ, ಮನೆಯಲ್ಲೇ ಇರಿ ಎಂದು ಪ್ರಚಾರ ಮಾಡಿದರು. ಮೇ 7ರಂದು 379 ಜನ ಬಂದರು. ಹಣವನ್ನು ಮೊದಲಿನಂತೆ ಕೊಡಬೇಕೆಂದವರು 377, ಬೇಡವೆಂದವರು ಇಬ್ಬರು.

ಈ ಕಥೆಯಲ್ಲಿ ಒಬ್ಬರನ್ನು ಖಳನಾಯಕರನ್ನಾಗಿ ಮಾಡುವುದು ಸುಲಭ, ಆದರೆ ಅದು ನ್ಯಾಯವಲ್ಲ. ಕಡಿತ ಸೂಚಿಸಿದವರು ಯಾವ ನಿಯಮವನ್ನೂ ಮುರಿಯಲಿಲ್ಲ. ಊರಿನ ಹಣ ಸರಿಯಾಗಿ ಖರ್ಚಾಗುತ್ತಿದೆಯೇ ಎಂದು ಕೇಳುವುದು ನಾಗರಿಕನ ಹಕ್ಕು. ಅವರು ಸಭೆಗೆ ಬಂದರು, ಮಾತನಾಡಿದರು, ಕೈ ಎತ್ತಿದರು. ಸ್ವಾತಂತ್ರ್ಯ ಎಂದರೆ ಸರ್ಕಾರ ನನ್ನ ಗೊಡವೆಗೆ ಬಾರದಿರುವುದು ಎಂದು ಅವರು ಹೇಳುತ್ತಾರೆ. ಆ ಮಾತಿನಲ್ಲಿ ಸತ್ಯವಿದೆ. ಆದರೆ ಅದು ಅರ್ಧ ಸತ್ಯ. ಮಾರ್ಚಿನಲ್ಲಿ ಮನೆಯಲ್ಲುಳಿದ ಐನೂರಕ್ಕೂ ಹೆಚ್ಚು ಜನರ ಗೊಡವೆಗೆ ಆ ದಿನ ಯಾರೂ ಬರಲಿಲ್ಲ. ಆದರೂ ಅವರ ಮಕ್ಕಳ ಶಾಲೆಯ ಭವಿಷ್ಯವನ್ನು ಇಪ್ಪತ್ತು ಜನ ನಿರ್ಧರಿಸಿಬಿಟ್ಟರು. ನಮ್ಮ ತೀರ್ಮಾನವನ್ನು ನಾವೇ ಮಾಡುವುದು ಸ್ವಾತಂತ್ರ್ಯದ ಇನ್ನೊಂದರ್ಧ. ಅದನ್ನು ಕಾನೂನು ನಮ್ಮ ಕೈಗೆ ತಂದು ಕೊಡುವುದಿಲ್ಲ; ನಾವೇ ಎದ್ದು ಹೋಗಿ ತೆಗೆದುಕೊಳ್ಳಬೇಕು.

ಈಗ ನಮ್ಮ ಕಡೆ ನೋಡೋಣ. ಕಲಬುರಗಿ ಮಹಾನಗರ ಪಾಲಿಕೆಯ 55 ವಾರ್ಡುಗಳಿಗೆ 2021ರ ಸೆಪ್ಟೆಂಬರಿನಲ್ಲಿ ಚುನಾವಣೆಯಾಯಿತು. ಮೇಯರ್ ಆಯ್ಕೆಯಾದದ್ದು 2023ರ ಮಾರ್ಚಿನಲ್ಲಿ. ಸುಮಾರು ಒಂದೂವರೆ ವರ್ಷ ಜನ ಆರಿಸಿದ ಸದಸ್ಯರಿದ್ದರೂ ಅವರಿಗೆ ಮೇಯರ್ ಇರಲಿಲ್ಲ. ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿಯಿತು. ಐದು ವರ್ಷದ ಅವಧಿ ತೀರುವ ಮೊದಲೇ ಹೊಸ ಚುನಾವಣೆ ಆಗಬೇಕೆಂದು ಸಂವಿಧಾನ ಹೇಳಿದರೂ ಆಮೇಲೆ ಹಲವು ವರ್ಷ ಚುನಾವಣೆ ನಡೆಯಲಿಲ್ಲ. ಮೂರು ಲಕ್ಷಕ್ಕೂ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನದ 243-ಎಸ್ ವಿಧಿ ಹೇಳುತ್ತದೆ. ಕಲಬುರಗಿಯಲ್ಲಿ 2011ರಲ್ಲೇ ಐದು ಲಕ್ಷಕ್ಕೂ ಹೆಚ್ಚು ಜನರಿದ್ದರು. ನಿಮ್ಮ ವಾರ್ಡಿನ ಸಮಿತಿಯ ಬಗ್ಗೆ ನಿಮ್ಮ ಮನೆಯಲ್ಲಿ ಎಂದಾದರೂ ಮಾತು ಬಂದಿದೆಯೇ? ನಿಷೇಧದಿಂದ ಕಸಿದುಕೊಂಡ ಹಕ್ಕಿಗಾಗಿ ನಮ್ಮ ಹಿರಿಯರು ಸೆರೆಮನೆಗೆ ಹೋದರು. ಆದರೆ ಸದ್ದಿಲ್ಲದೆ ಮುಂದೂಡಿದ ಹಕ್ಕನ್ನು ನಾವು ಗಮನಿಸುವುದೇ ಇಲ್ಲ.

ನಿಮ್ಮಲ್ಲಿ ಕೆಲವರು ಹೇಳಬಹುದು: "ಗ್ರಾಮ ಸಭೆಯಲ್ಲಿ ಏನಾಗುತ್ತದೆ? ಎಲ್ಲ ಮೊದಲೇ ತೀರ್ಮಾನವಾಗಿರುತ್ತದೆ. ದೊಡ್ಡವರು ಮಾತಾಡುತ್ತಾರೆ, ಉಳಿದವರು ಸಹಿ ಹಾಕಿ ಬರುತ್ತಾರೆ." ಈ ಮಾತು ಸುಳ್ಳಲ್ಲ. ಹೆಣ್ಣುಮಕ್ಕಳು ಎದ್ದು ಮಾತಾಡಿದರೆ ಹುಬ್ಬೇರಿಸುವವರಿದ್ದಾರೆ. ಕೆಳಗಿನ ಓಣಿಯವರು ಪ್ರಶ್ನೆ ಕೇಳಿದರೆ ಮುಖ ತಿರುಗಿಸುವವರೂ ಇದ್ದಾರೆ. ಆದರೆ ಒಂಟಿಯಾಗಿ ಹೋದವರನ್ನು ಬಾಯಿ ಮುಚ್ಚಿಸುವುದು ಸುಲಭ. ಓಣಿಯೇ ಎದ್ದು ಹೋದರೆ ಅಷ್ಟು ಸುಲಭವಲ್ಲ.

ಹಾಗಾದರೆ ವಿದ್ಯಾರ್ಥಿಗಳಾದ ನೀವು ಏನು ಮಾಡಬಹುದು? ಹದಿನೆಂಟು ತುಂಬದವರಿಗೂ ದಾರಿಯಿದೆ. ಕರ್ನಾಟಕದ ಗ್ರಾಮ ಪಂಚಾಯತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಸಬೇಕೆಂಬ ಸರ್ಕಾರದ ಆದೇಶವಿದೆ. ಶಾಲೆಯ ಶೌಚಾಲಯ, ಕುಡಿಯುವ ನೀರು, ಬಸ್ಸಿನ ವೇಳೆ ಇವೆಲ್ಲ ಅಲ್ಲಿ ಕೇಳತಕ್ಕ ವಿಷಯಗಳು. ಹದಿನೆಂಟು ತುಂಬಿದವರು ಮತದಾರರ ಪಟ್ಟಿಗೆ ಹೆಸರು ಸೇರಿಸಿ. ಸಭೆಯ ದಿನವನ್ನು ಪಂಚಾಯತಿಯ ಸೂಚನಾ ಫಲಕದಲ್ಲಿ ನೋಡಿ ಓಣಿಯವರಿಗೆ ತಿಳಿಸಿ. ಹಿಂದಿನ ಸಭೆಯ ನಡಾವಳಿಯನ್ನು ಓದಿಸಿ ಕೇಳಿ: ಅಂದು ಒಪ್ಪಿದ ಕೆಲಸ ಎಲ್ಲಿಗೆ ಬಂತು, ಎಷ್ಟು ಖರ್ಚಾಯಿತು? ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಇಪ್ಪತ್ತೊಂದು ತುಂಬಿದರೆ ಪಂಚಾಯತಿಗೂ ಪಾಲಿಕೆಗೂ ನೀವೇ ಸ್ಪರ್ಧಿಸಬಹುದು. ಶಾಸಕರಾಗಲು ಇಪ್ಪತ್ತೈದು ತುಂಬಬೇಕು. ಊರ ಸೇವೆಯ ಬಾಗಿಲು ಅದಕ್ಕೂ ಮೊದಲೇ ತೆರೆಯುತ್ತದೆ.

ಇದರಲ್ಲಿ ಜಯಘೋಷವಿಲ್ಲ, ಹಾರ ತುರಾಯಿ ಇಲ್ಲ. ಸಭೆ ತಡವಾಗಿ ಶುರುವಾಗುತ್ತದೆ, ಮಾತು ಉದ್ದವಾಗುತ್ತದೆ, ಒಂದು ಗಟಾರದ ಕೆಲಸಕ್ಕೆ ಮೂರು ಸಭೆ ಬೇಕಾಗುತ್ತದೆ. ಬೇಸರ ಬರುತ್ತದೆ. ಆದರೆ ಬೇಸರವಾಯಿತೆಂದು ನಾವು ಎದ್ದು ಬಂದಾಗ ಸಭೆ ನಿಲ್ಲುವುದಿಲ್ಲ. ನಮ್ಮನ್ನು ಬಿಟ್ಟು ನಡೆಯುತ್ತದೆ, ನಮ್ಮ ಹೆಸರಿನಲ್ಲೇ ಠರಾವು ಆಗುತ್ತದೆ.

ಮುಂದಿನ ಗ್ರಾಮ ಸಭೆ ಅಥವಾ ವಾರ್ಡ್ ಸಭೆ ಯಾವ ದಿನ ಎಂದು ಈ ವಾರವೇ ವಿಚಾರಿಸಿ. ಹೋಗುವಾಗ ಒಬ್ಬರೇ ಹೋಗಬೇಡಿ. ನಿಮ್ಮ ತಾಯಿಯನ್ನೂ ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ.