ಒಡಿಸ್ಯೂಸನ ಸಂಯಮ: ಹಗ್ಗವೋ, ನೆನಪೋ?



ಈ ದತ್ತಿ ಯಾರ ಹೆಸರಿನಲ್ಲಿದೆಯೋ ಆ ಗುರುಗಳ ಸ್ಮರಣೆಯಲ್ಲಿ ಮಾತಾಡಲು ಕರೆದದ್ದು ನನಗೆ ಸಂದ ದೊಡ್ಡ ಗೌರವ. ವ್ಯಾಖ್ಯಾನಕ್ಕೆ ಕೈಹಾಕುವ ಮುನ್ನ ಮೂಲ ಓದಿ ಎಂಬುದು ಅವರು ಶಿಷ್ಯರಿಗೆ ಹಾಕಿಕೊಟ್ಟ ಪಾಠ. ಹೋಮರ್ ಒಬ್ಬನೋ ಹಲವರೋ ಎಂಬ ಚರ್ಚೆಯಾಗಲಿ, 24 ಸರ್ಗಗಳ 'ಒಡಿಸ್ಸಿ'ಯ ಕಥಾಸಾರವಾಗಲಿ ತಮಗೆ ಬೇರೆಡೆ ಸಿಗುತ್ತದೆ. ನಾನು ಎತ್ತಿಕೊಳ್ಳುವುದು ಒಂದೇ ಪ್ರಶ್ನೆ: ಒಡಿಸ್ಯೂಸ್ ತನ್ನನ್ನು ತಾನು ತಡೆದುಕೊಳ್ಳುವುದು ಯಾವ ಬಲದಿಂದ?

'ಇಲಿಯಡ್'ನ ಮೊದಲ ಸರ್ಗದಲ್ಲಿ ಅಕಿಲೀಸ್ ಅಗಮೆಮ್ನಾನನ ಮೇಲೆ ಕತ್ತಿ ಹಿರಿಯುತ್ತಾನೆ. ದೇವತೆ ಅಥೀನಾ ಬಂದು ಕೂದಲು ಹಿಡಿದು ನಿಲ್ಲಿಸುತ್ತಾಳೆ. 'ಒಡಿಸ್ಸಿ'ಯ 20ನೇ ಸರ್ಗ ಬೇರೆ. ಭಿಕ್ಷುಕನ ವೇಷದ ಒಡಿಸ್ಯೂಸ್ ತನ್ನ ಮನೆಯ ಮೊಗಸಾಲೆಯಲ್ಲೇ ಮಲಗಿದ್ದಾನೆ. ಹೆಂಡತಿ ಪೆನೆಲೊಪಿಯ ಕೈಹಿಡಿಯಲು ಬಂದು ತಳವೂರಿದವರ ಬಳಿಗೆ ಮನೆಯ ದಾಸಿಯರು ನಗುತ್ತ ಹೋಗುತ್ತಾರೆ. ಮರಿ ಕಾಯುವ ನಾಯಿಯಂತೆ ಅವನ ಎದೆ ಗುರುಗುಟ್ಟಿತೆನ್ನುತ್ತಾನೆ ಹೋಮರ್. ಒಡಿಸ್ಯೂಸ್ ಎದೆಗೆ ಗುದ್ದಿಕೊಂಡು ಗದರುತ್ತಾನೆ. ಸಂಗಾತಿಗಳನ್ನು ತಿಂದ ಒಕ್ಕಣ್ಣ ದೈತ್ಯ ಸೈಕ್ಲೋಪ್ಸನ ಗುಹೆಯಲ್ಲಿ ಇದಕ್ಕಿಂತ ಘೋರವಾದುದನ್ನು ತಾಳಿದ್ದನ್ನು ಅದಕ್ಕೆ ನೆನಪಿಸುತ್ತಾನೆ. ಎದೆ ಮಾತು ಕೇಳುತ್ತದೆ. ಅಥೀನಾ ಬರುವುದು ಆಮೇಲೆ.

ಪ್ಲೇಟೊ 'ರಿಪಬ್ಲಿಕ್'ನ 4ನೇ ಭಾಗದಲ್ಲಿ ಇದೇ ಪ್ರಸಂಗವನ್ನು ಸಾಕ್ಷಿಗೆ ಕರೆದು, ವಿವೇಕ ಬೇರೆ, ರೋಷ ಬೇರೆ ಎಂದು ವಾದಿಸಿದ. ನಾನಿದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಹೋಮರನಲ್ಲಿ ಎದೆ ಬರೀ ಪುಂಡ ಪ್ರಜೆಯಲ್ಲ. ಗುಹೆಯಲ್ಲಿ ನೋವು ತಾಳಿಕೊಂಡದ್ದೂ ಅದೇ.

ಬ್ರೂನೊ ಸ್ನೆಲ್ 1946ರ ಗ್ರಂಥದಲ್ಲಿ ಹೋಮರನ ಮನುಷ್ಯನಿಗೆ ಅಖಂಡ ಮನಸ್ಸೇ ಇಲ್ಲ ಎಂದರು. 1993ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಇದನ್ನು ಸರಿಯಾಗಿಯೇ ಖಂಡಿಸಿದರು: ಯೋಚಿಸುವವನೂ ಮಾಡುವವನೂ ಇಡೀ ಮನುಷ್ಯನೇ. ಅದಕ್ಕೆ ನನ್ನದೊಂದು ಮಾತು: ಗದರುವವನೂ ಗದರಿಸಿಕೊಳ್ಳುವವನೂ ಒಂದೇ ಹಳೆಯ ನೋವಿನ ವಾರಸುದಾರರಾಗಿರದಿದ್ದರೆ ಆ ನೆನಪು ನಾಟುತ್ತಲೇ ಇರಲಿಲ್ಲ.

ನನ್ನ ತೀವ್ರ ತಕರಾರು ಹಾಡಿನಿಂದ ನಾವಿಕರನ್ನು ಸೆಳೆದು ಕೊಲ್ಲುವ ಸೈರನ್ನರ ಪ್ರಸಂಗವನ್ನು ಸಂಯಮದ ಪ್ರತಿಮೆಯಾಗಿಸುವವರೊಂದಿಗೆ. ಯೂನ್ ಎಲ್ಸ್ಟರ್ 1979ರ ಕೃತಿಯಲ್ಲಿ, ತನ್ನ ದೌರ್ಬಲ್ಯ ಬಲ್ಲವನು ಮೊದಲೇ ತನ್ನನ್ನು ಕಟ್ಟಿಹಾಕಿಕೊಳ್ಳುವ ಜಾಣತನಕ್ಕೆ ಇದನ್ನು ಮಾದರಿಯಾಗಿಟ್ಟರು. ಜಾಣತನ ನಿಜ. ಆದರೆ ಹಾಡು ಕೇಳಿದ ಒಡಿಸ್ಯೂಸ್ ಬಿಚ್ಚಿರೆಂದು ಹುಬ್ಬಿನಲ್ಲೇ ಸನ್ನೆ ಮಾಡುತ್ತಾನೆ. ತಡೆದದ್ದು ಹಗ್ಗ, ಸಂಗಾತಿಗಳು. ಪಟಸ್ತಂಭಕ್ಕೆ ಕಟ್ಟಿಸಿಕೊಂಡವನು ಸಂಯಮಕ್ಕೆ ಹೊರಗಿನ ಆಸರೆ ಪಡೆದವನು.

ಈ ಪ್ರಸಂಗಗಳನ್ನು ಒಂದು ಸಾಲಿನಲ್ಲಿಟ್ಟು ನೋಡಬೇಕೆಂಬುದು ನನ್ನ ವಾದ. 9ನೇ ಸರ್ಗದ ಗುಹೆಯಲ್ಲಿ ಅವನು ಸೈಕ್ಲೋಪ್ಸನನ್ನು ಕತ್ತಿಯಿಂದ ಇರಿಯದೆ ಉಳಿದದ್ದು ಬಾಗಿಲ ಬಂಡೆಯನ್ನು ಸರಿಸಲಾಗದೆಂದು ಹೊಳೆದಾಗ. ಬಂಡೆ ದಾಟಿ ಹಡಗೇರಿದ್ದೇ ತಡ, ಸಂಗಾತಿಗಳು ಬೇಡಿದರೂ ಕೇಳದೆ ತನ್ನ ಹೆಸರು ಕೂಗಿ ದೈತ್ಯನ ತಂದೆ ಪೊಸೈಡನನ ಕೋಪಕ್ಕೆ ಗುರಿಯಾದ. 12ನೇ ಸರ್ಗದಲ್ಲಿ ಹಗ್ಗ. 20ನೇ ಸರ್ಗದಲ್ಲಿ ಬಂಡೆಯಿಲ್ಲ, ಹಗ್ಗವಿಲ್ಲ; ನೆನಪೊಂದೇ. ದಾಸಿಯರನ್ನು ಆಗಲೇ ಕೊಂದಿದ್ದರೆ ಗುಟ್ಟು ರಟ್ಟಾಗುತ್ತಿತ್ತು, ಇದು ಬರೀ ಲೆಕ್ಕಾಚಾರ ಎನ್ನುವವರಿದ್ದಾರೆ. ಆ ಲೆಕ್ಕ ಅವನಿಗೆ ಮೊದಲೇ ಗೊತ್ತಿತ್ತು. ಆದರೂ ಎದೆ ಗುರುಗುಟ್ಟಿತಲ್ಲ? ಅದನ್ನು ತಣಿಸಿದ್ದು ಅನುಭವ.

ಹಾಗೆಂದು ಈ ಗುಣವನ್ನು ಕರುಣೆಯೆಂದು ತಿಳಿಯಬಾರದು. 22ನೇ ಸರ್ಗದಲ್ಲಿ ಹನ್ನೆರಡು ದಾಸಿಯರು ನೇಣಿಗೇರುತ್ತಾರೆ. ಅಂದು ತಡೆದ ಕೋಪ ಕರಗಿರಲಿಲ್ಲ. 24ನೇ ಸರ್ಗದಲ್ಲಿ, ಪೆನೆಲೊಪಿಯನ್ನು ಬಯಸಿ ಬಂದು ಹತರಾದವರ ಬಂಧುಗಳೊಂದಿಗಿನ ಕಾಳಗವನ್ನು ಅಥೀನಾ ನಿಲ್ಲಿಸೆಂದರೂ ಅವನು ನುಗ್ಗುತ್ತಾನೆ. ಸ್ಯೂಸನ ಸಿಡಿಲೇ ಬೀಳಬೇಕಾಗುತ್ತದೆ. ಗುರುಗಳು ಬಯಸಿದಂತೆ ಮೂಲಕ್ಕೇ ಮರಳಿದರೆ ಸಿಗುವ ಉತ್ತರ ಇದು: ಒಡಿಸ್ಯೂಸನ ಸಂಯಮ ಹುಟ್ಟುಗುಣವಲ್ಲ, ಒಮ್ಮೆ ಗಳಿಸಿದರೆ ಉಳಿಯುವ ಆಸ್ತಿಯೂ ಅಲ್ಲ. ಸೋಲಿನಿಂದ ಕಲಿತ, ಪ್ರತಿ ಸಂದರ್ಭದಲ್ಲೂ ಹೊಸದಾಗಿ ದುಡಿದು ಪಡೆಯಬೇಕಾದ ವಿದ್ಯೆ ಅದು.